ಸಾಂಗಲಿ-ಮಿರಜ ಭಾಗದಲ್ಲಿ ಶಾಲೆಯ ಆಟಪಾಟಗಳಿಗೆ ದ್ರವ್ಯಸಹಾಯ

ಶಾಲೆಯ ಜಮಾಖರ್ಚಿನ ಪುಸ್ತಕದಲ್ಲಿ ಆಟಪಾಟಗಳ ಬಾಬತ್ತು ಬಹುಮಟ್ಟಿಗೆ ಕೊನೆಯ ಪುಟದಲ್ಲಿರುತ್ತದೆ. ಕಟ್ಟಡ, ಪಗಾರ, ಪುಸ್ತಕಗಳ ಲೆಕ್ಕ ಮುಗಿದ ಮೇಲೆ ಉಳಿದದ್ದರಲ್ಲಿ ಚೆಂಡು, ಲೇಝೀಮು, ಹಾರ್ಮೋನಿಯಂ, ಪಂದ್ಯಗಳಿಗೆ ಹೋಗಿಬರುವ ಬಸ್ಸಿನ ಛಾರ್ಜು ಇವೆಲ್ಲ ನಡೆಯಬೇಕು. ಏನೂ ಉಳಿಯದಿದ್ದರೆ ಮಾಸ್ತರರ ಕಿಸೆಯೇ ಗತಿ. ಇದು ನಮ್ಮ ಸೀಮಾಭಾಗದ ಶಿಕ್ಷಕಬಂಧುಗಳಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಆದರೆ ಈ ಬಾಬತ್ತಿಗೆ ಹಿಂದಿನವರು ಹಣವನ್ನು ಎಲ್ಲಿಂದ ತಂದರು, ಆ ಹಣ ಎಷ್ಟು ದಿನ ಬಾಳಿತು, ಏಕೆ ನಿಂತಿತು ಎಂಬುದನ್ನು ನಾವು ಯೋಚಿಸಿದ್ದು ಕಡಿಮೆ. ಸಾಂಗಲಿ-ಮಿರಜಗಳ ಇತಿಹಾಸವನ್ನು ಈ ದೃಷ್ಟಿಯಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಶಿಲಾಹಾರರ ಕಾಲದ ಶಾಸನಗಳಲ್ಲಿ ಮಿರಿಂಜೆಯೆಂದು ಕಾಣುವ ಮಿರಜ ಹಳೆಯ ಊರು. 1801ರಲ್ಲಿ ಚಿಂತಾಮಣರಾವ ಅಪ್ಪಾಸಾಹೇಬ ಪಟವರ್ಧನರು ಮಿರಜದಿಂದ ಬೇರೆಯಾಗಿ ಸಾಂಗಲಿಯನ್ನು ತಮ್ಮ ರಾಜಧಾನಿಯಾಗಿ ಮಾಡಿಕೊಂಡರು. ಅಂದಿನಿಂದ 1948ರ ಮಾರ್ಚಿನಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಕಲೆಗಾಗಲಿ ಕುಸ್ತಿಗಾಗಲಿ ಇಲ್ಲಿ ಮೊದಲ ಆಶ್ರಯ ದರಬಾರಿನದೇ.

ದರಬಾರಿನ ಆಶ್ರಯಕ್ಕೆ ಒಂದು ನಿದರ್ಶನ ಸಾಕು. 1842ರಲ್ಲಿ ಉತ್ತರ ಕನ್ನಡದ ಕಡೆಯಿಂದ ಭಾಗವತರ ಮೇಳವೊಂದು ಸಾಂಗಲಿಗೆ ಬಂದು ಆಟವಾಡಿತು. ಅದನ್ನು ಕಂಡ ಅಪ್ಪಾಸಾಹೇಬರು ಮರಾಠಿಯಲ್ಲಿಯೂ ಇಂಥದೊಂದು ಪ್ರಯೋಗವಾಗಲೆಂದು ತಮ್ಮ ಆಶ್ರಿತರಾದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ‘ಸೀತಾಸ್ವಯಂವರ’ ರಂಗಕ್ಕೆ ಬಂದಿತು. ಮರಾಠಿ ರಂಗಭೂಮಿಯ ಆರಂಭವನ್ನು ಇಲ್ಲಿಂದಲೇ ಎಣಿಸುತ್ತಾರೆ. ಕನ್ನಡದ ಬಯಲಾಟದ ಬೀಜ ಕೃಷ್ಣೆಯ ದಂಡೆಯಲ್ಲಿ ಮರಾಠಿಯ ಬೆಳೆಯಾಯಿತೆಂಬುದು ನಮಗೆ ಹೆಮ್ಮೆಯ ಸಂಗತಿ. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದುದು ಮುಂದಿನ ಕಥೆ. 1851ರಲ್ಲಿ ಅಪ್ಪಾಸಾಹೇಬರು ತೀರಿಕೊಂಡರು. ಅವರೊಡನೆ ಆಶ್ರಯವೂ ತೀರಿತು. ಭಾವೆಯವರು ಮಂಡಳಿಯನ್ನು ಕಟ್ಟಿಕೊಂಡು ಊರೂರು ತಿರುಗಬೇಕಾಯಿತು. 1853ರಲ್ಲಿ ಅವರು ಮುಂಬಯಿಯಲ್ಲಿ ತಿಕೀಟು ಇಟ್ಟು ಆಟವಾಡಿದರು. ದೊರೆಯ ಔದಾರ್ಯ ದೊಡ್ಡದೇ. ಅದರ ಆಯುಷ್ಯ ಮಾತ್ರ ದೊರೆಯ ಆಯುಷ್ಯದಷ್ಟೇ.

ಎರಡನೆಯ ಆಶ್ರಯ ಜನತೆಯದು. ಇದಕ್ಕೆ ಮಿರಜವೇ ಸಾಕ್ಷಿ. ಕುರುಂದವಾಡದಲ್ಲಿ 1872ರಲ್ಲಿ ಹುಟ್ಟಿದ ವಿಷ್ಣು ದಿಗಂಬರ ಪಲುಸ್ಕರರು ಮಿರಜದಲ್ಲಿ ಬಾಳಕೃಷ್ಣಬುವಾ ಇಚಲಕರಂಜೀಕರರ ಬಳಿಯಲ್ಲಿ, ಅಲ್ಲಿಯ ಸಂಸ್ಥಾನಿಕರ ಆಸರೆಯಲ್ಲಿ ಸಂಗೀತ ಕಲಿತರು. ಅರಮನೆಯ ಅಂಗಳದಲ್ಲಿಯೇ ಉಳಿಯುವ ವಿದ್ಯೆ ಎಲ್ಲರ ಮಕ್ಕಳಿಗೂ ದೊರೆಯಲಾರದೆಂದು ಕಂಡ ಅವರು 1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. ಅರಸರ ವರ್ಷಾಸನವನ್ನು ನಂಬದೆ ಜನರ ವಂತಿಗೆ, ಕಛೇರಿಗಳ ಉತ್ಪನ್ನ ಇವುಗಳಿಂದ ಶಾಲೆ ನಡೆಯಿತು. 1908ರಲ್ಲಿ ಅವರು ಮುಂಬಯಿಗೆ ಬಂದು ಸಾಲದಿಂದ ದೊಡ್ಡ ಕಟ್ಟಡವನ್ನೂ ಎಬ್ಬಿಸಿದರು. ಆದರೆ ಸಾಲ ತೀರಲಿಲ್ಲ. 1924ರಲ್ಲಿ ಆ ಕಟ್ಟಡ ಲಿಲಾವಾಯಿತು. ಜನರ ಪ್ರೀತಿಗೆ ಕೊರತೆಯಿತ್ತೆಂದು ಹೇಳಲಾಗದು. ವರ್ಷವರ್ಷವೂ ತಪ್ಪದೆ ಬರುವ ಉತ್ಪನ್ನದ ಕೊರತೆಯಿತ್ತು. 1931ರಲ್ಲಿ ಪಲುಸ್ಕರರು ನಿಧನರಾದ ತರುವಾಯ ಶಿಷ್ಯರು ಕಟ್ಟಿದ ಮಂಡಳವು ಪಠ್ಯಕ್ರಮ, ಪರೀಕ್ಷೆ, ಪರೀಕ್ಷೆಯ ಫೀ ಎಂಬ ನಿಯಮಿತ ಕಟ್ಟಳೆಯ ಮೇಲೆ ನಿಂತಿತು. ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಕಾರ್ಯಾಲಯ ಮಿರಜದಲ್ಲಿದೆ. ನಮ್ಮ ಶಾಲೆಗಳ ಮಕ್ಕಳು ಕೂಡ ಅದರ ಪರೀಕ್ಷೆಗಳಿಗೆ ಕೂಡುವುದುಂಟು. ಕಟ್ಟಡ ಹೋಯಿತು, ಕಟ್ಟಳೆ ಉಳಿಯಿತು.

ಇನ್ನು ಸರಕಾರದ ಆಶ್ರಯ. 1882ರ ಹಂಟರ್ ಆಯೋಗವು ದೇಶೀಯ ಆಟಗಳು, ಅಂಗಸಾಧನೆ, ಶಾಲಾ ಕವಾಯತು ಇವುಗಳಿಗೆ ಪ್ರೋತ್ಸಾಹ ಕೊಡಬೇಕೆಂದು ಸೂಚಿಸಿತ್ತು. ಸೂಚನೆಯ ಹಿಂದೆ ಹಣ ಬರುವುದಕ್ಕೆ ಬಹುಕಾಲ ಹಿಡಿಯಿತು. ಮುಂಬಯಿ ಸರಕಾರ 1937ರಲ್ಲಿ ಲೋಣಾವಳೆಯ ಸ್ವಾಮಿ ಕುವಲಯಾನಂದರ ಅಧ್ಯಕ್ಷತೆಯಲ್ಲಿ ದೈಹಿಕ ಶಿಕ್ಷಣದ ಸಮಿತಿಯನ್ನು ನೇಮಿಸಿತು; 1938ರಲ್ಲಿ ಕಾಂದಿವಲಿಯಲ್ಲಿ ವ್ಯಾಯಾಮ ಶಿಕ್ಷಕರನ್ನು ತರಬೇತು ಮಾಡುವ ಸಂಸ್ಥೆ ಆರಂಭವಾಯಿತು. ಸಾಂಗಲಿ, ಮಿರಜ, ಜತ್ತಗಳು ಆಗ ಸಂಸ್ಥಾನಗಳಾದುದರಿಂದ ಈ ವ್ಯವಸ್ಥೆಯ ಎಲ್ಲೆಯ ಹೊರಗಿದ್ದವು. ವಿಲೀನದ ಬಳಿಕ, 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆಯಾಗಿ ಈ ಭಾಗಗಳು ಒಂದುಗೂಡಿದವು. ಆ ಜಿಲ್ಲೆಗೆ ಸಾಂಗಲಿಯೆಂಬ ಹೆಸರು ಬಂದುದು 1960ರಲ್ಲಿ.

ಅರಸರು ಹೋಗಿ ಸರಕಾರದ ಏರ್ಪಾಡು ಇನ್ನೂ ಬಲಿಯದ ಆ ನಡುಗಾಲದಲ್ಲಿ ಏನಾಯಿತೆಂಬುದನ್ನು ನೆರೆಯ ಕರಾಡದ ಕಥೆ ಹೇಳುತ್ತದೆ. ಅಲ್ಲಿಯ ತಿಲಕ ಹಾಯಸ್ಕೂಲಿನಲ್ಲಿ ಓದಿದ ಗೋಳೇಶ್ವರದ ಖಾಶಾಬಾ ಜಾಧವರು 1948ರ ಲಂಡನ್ ಒಲಿಂಪಿಕ್ಕಿಗೆ ಹೋದಾಗ ಕೊಲ್ಹಾಪುರದ ಮಹಾರಾಜರು ವೆಚ್ಚ ವಹಿಸಿದ್ದರು. 1952ರಲ್ಲಿ ಹೆಲ್ಸಿಂಕಿಗೆ ಹೋಗಬೇಕಾದಾಗ ಆ ಸಂಸ್ಥಾನವಿರಲಿಲ್ಲ. ಸರಕಾರದಿಂದ ಸಕಾಲಕ್ಕೆ ಬೇಕಾದ ನೆರವೂ ಬರಲಿಲ್ಲ. ಊರವರು ಕೈಲಾದಷ್ಟು ಕೂಡಿಸಿದರು. ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಚಾರ್ಯ ಖರ್ಡೀಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಒದಗಿಸಿದರು. ಶಿಷ್ಯರು ಕಂಚಿನ ಪದಕ ಗೆದ್ದು ಬಂದರು. ಸ್ವತಂತ್ರ ಭಾರತಕ್ಕೆ ವ್ಯಕ್ತಿಯೊಬ್ಬರು ತಂದ ಮೊದಲ ಒಲಿಂಪಿಕ್ ಪದಕ ಅದು. ಅನಂತರ ಅವರು ಕುಸ್ತಿಗಳನ್ನು ಏರ್ಪಡಿಸಿ, ಬಂದ ಹಣದಿಂದ ಗುರುವಿನ ಮನೆಯನ್ನು ಬಿಡಿಸಿಕೊಟ್ಟರು. ಗುರುಶಿಷ್ಯರ ಈ ಸಂಬಂಧಕ್ಕೆ ಯಾರಾದರೂ ತಲೆಬಾಗಬೇಕು. ಆದರೆ ಸಾರ್ವಜನಿಕ ಬೊಕ್ಕಸ ಹೊರಬೇಕಾದ ಹೊರೆಯನ್ನು ಒಬ್ಬ ಶಿಕ್ಷಕರ ಮನೆ ಹೊತ್ತಿತೆಂಬುದನ್ನೂ ಮರೆಯಬಾರದು.

1962ರ ಮೇ 1ರಿಂದ ಮಹಾರಾಷ್ಟ್ರದಲ್ಲಿ ಜಿಲ್ಹಾ ಪರಿಷತ್ತುಗಳು ಬಂದು ಪ್ರಾಥಮಿಕ ಶಾಲೆಗಳು ಅವುಗಳ ಆಡಳಿತಕ್ಕೆ ಸೇರಿದವು. 2009ರ ಶಿಕ್ಷಣದ ಹಕ್ಕಿನ ಕಾನೂನು ಆಟದ ಬಯಲನ್ನೂ ಆಟದ ಸಾಮಾನುಗಳನ್ನೂ ಶಾಲೆಗೆ ಬೇಕೇಬೇಕಾದವುಗಳ ಪಟ್ಟಿಯಲ್ಲಿ ಸೇರಿಸಿತು. ದಾನವು ಹಕ್ಕಾಗಿ ಬದಲಾದುದು ಅಂದೇ. 2018ರ ಸಮಗ್ರ ಶಿಕ್ಷಣ ಯೋಜನೆಯು ಆಟದ ಸಾಮಾನಿಗೆಂದು ಸರಕಾರಿ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000, ಹಿರಿಯ ಪ್ರಾಥಮಿಕ ಶಾಲೆಗೆ 10,000, ಮಾಧ್ಯಮಿಕ ಶಾಲೆಗೆ 25,000 ರೂಪಾಯಿಗಳವರೆಗೆ ಅನುದಾನ ಗೊತ್ತುಪಡಿಸಿತು. 120 ಮಕ್ಕಳ ಹಿರಿಯ ಪ್ರಾಥಮಿಕ ಶಾಲೆಯನ್ನು ಹಿಡಿದು ಲೆಕ್ಕ ಹಾಕಿದರೆ ಮಗುವೊಂದಕ್ಕೆ ವರ್ಷಕ್ಕೆ 83 ರೂಪಾಯಿ. ಇದು ಚಿಕ್ಕ ಮೊತ್ತವೇ. ಆದರೂ ಯಾರ ಮರಣದಿಂದಲೂ ನಿಲ್ಲದ ಮೊತ್ತವೆಂಬ ಗುಣ ಇದಕ್ಕಿದೆ. ಅದೇ ಕಾನೂನಿನ ಮೇರೆಗೆ ಆರರಿಂದ ಎಂಟನೆಯ ಇಯತ್ತೆಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಚಿತ್ರಕಲೆ, ವ್ಯಾಯಾಮ, ಕಾರ್ಯಾನುಭವಗಳಿಗೆ ಅರೆಕಾಲಿಕ ಬೋಧಕರು ದೊರೆಯುತ್ತಾರೆ. ವಾಡಿವಸ್ತಿಗಳ ಸಣ್ಣ ಶಾಲೆಗೆ ಚೆಂಡು ಬರಬಹುದು, ಕಲಿಸುವವರು ಬರಲಾರರು.

ಇಲ್ಲಿ ಸೀಮಾಭಾಗದ ವಿಶೇಷ ಪ್ರಶ್ನೆಯೊಂದಿದೆ. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಜಿಲ್ಹಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಖೋಖೋ, ಕಬಡ್ಡಿಗಳಿಗೆ ಭಾಷೆಯ ತೊಡಕಿಲ್ಲ. ಪಂಚರ ಸೀಟಿಗೆ ಕನ್ನಡ-ಮರಾಠಿಗಳೆರಡೂ ಒಂದೇ. ಆದರೆ ನಾಟಕ, ಭಾಷಣ, ಕಾವ್ಯವಾಚನ, ಹಾಡು ಇವು ಭಾಷೆಯನ್ನು ಬಿಟ್ಟು ನಿಲ್ಲಲಾರವು. ಕನ್ನಡ ಶಾಲೆಯ ಮಗುವಿಗೆ ತರಗತಿಯ ಹೊರಗೆ ಕನ್ನಡವನ್ನು ನಾಲ್ಕು ಜನರ ಮುಂದೆ ಧೈರ್ಯದಿಂದ ಆಡುವ ಅವಕಾಶ ಬಹಳವಿಲ್ಲ. ಶಾಲೆಯ ರಂಗವೇ ಆ ಅವಕಾಶ. ಆಟದ ಸಾಮಾನಿನ ಅನುದಾನದಿಂದ ಅದು ನಡೆಯದು. ವೇಷಭೂಷಣ, ಪುಸ್ತಕ, ಕನ್ನಡ ಬಲ್ಲ ಪರೀಕ್ಷಕರ ಪ್ರಯಾಣ ಇವಕ್ಕೆ ಬೇರೆಯೇ ಮೊತ್ತ ಬೇಕು.

ಶಾಲೆಯ ಮಾಳಿಗೆ ಸೋರುತ್ತಿರುವಾಗ ಆಟಕ್ಕೆ ಹಣವೇಕೆಂದು ಕೇಳುವವರಿದ್ದಾರೆ. ಅವರ ಮಾತನ್ನು ತೆಗೆದುಹಾಕುವಂತಿಲ್ಲ. ಆದರೆ ಮಾಳಿಗೆಯನ್ನು ಇನ್ನೊಂದು ವರ್ಷ ಕಟ್ಟಿಸಬಹುದು; ಹನ್ನೆರಡು ವರ್ಷದ ಮಗುವಿಗೆ ಆ ವಯಸ್ಸು ತಿರುಗಿ ಬಾರದು. ಆದುದರಿಂದ ನಮ್ಮ ಬೇಡಿಕೆ ದೊಡ್ಡದಲ್ಲ. ಅನುದಾನವು ಶಾಲೆ ತೆರೆಯುವ ಜೂನ್ ತಿಂಗಳಲ್ಲಿಯೇ ಕೈಸೇರಲಿ. ಪಂದ್ಯಗಳ ಪ್ರಯಾಣವೆಚ್ಚವೂ ಅದರಲ್ಲಿ ಎಣಿಕೆಯಾಗಲಿ. ಒಂದು ಕೇಂದ್ರದ ನಾಲ್ಕೈದು ಸಣ್ಣ ಶಾಲೆಗಳು ಕೂಡಿ ಒಬ್ಬ ಬೋಧಕರನ್ನು ಪಡೆಯುವಂತಾಗಲಿ. ಕನ್ನಡ ಶಾಲೆಗಳ ಸಾಂಸ್ಕೃತಿಕ ಕಾರ್ಯಗಳಿಗೆ ಪ್ರತ್ಯೇಕ ಬಾಬತ್ತು ಇರಲಿ.

ಕೊನೆಗೆ ವಾಚಕರಾದ ಶಿಕ್ಷಕರಲ್ಲಿ ಒಂದು ವಿನಂತಿ. ತಮ್ಮ ಶಾಲೆಗಳ ಕಪಾಟುಗಳಲ್ಲಿರುವ ಹಳೆಯ ಜಮಾಖರ್ಚಿನ ವಹಿಗಳನ್ನು ರದ್ದಿಗೆ ಹಾಕದೆ ಒಮ್ಮೆ ತೆರೆದು ನೋಡಬೇಕು. ಆಟಪಾಟಗಳಿಗೆ ಯಾವ ವರ್ಷ ಎಷ್ಟು ಬಂದಿತು, ಎಷ್ಟು ಮಾಸ್ತರರ ಕೈಯಿಂದ ಹೋಯಿತು ಎಂಬುದನ್ನು ಬರೆದಿಡಬೇಕು. ಕೇಳುವ ಹಕ್ಕಿಗೆ ಆಧಾರ ಬೇಕಾದಾಗ ಆ ವಹಿಗಳೇ ಮಾತಾಡುತ್ತವೆ. ಖರ್ಡೀಕರರನ್ನು ನಾವು ಎಂದೆಂದಿಗೂ ನೆನೆಯೋಣ; ಆದರೆ ಮತ್ತೊಬ್ಬ ಗುರು ಮನೆಯನ್ನು ಒತ್ತೆಯಿಡುವ ಪ್ರಸಂಗ ಬಾರದಿರಲಿ.