ಮಗುವನ್ನು ಒಪ್ಪಿಸುವುದು: ತಾತ್ಕಾಲಿಕ ಪಾಲನೆಯ ಕಾನೂನು ಕುರಿತು ಒಂದು ಟಿಪ್ಪಣಿ

ತಂದೆ ಗಲ್ಫ್ ದೇಶದಲ್ಲಿ ದುಡಿಯುತ್ತಿದ್ದಾರೆ, ತಾಯಿ ದೊಡ್ಡ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ ಸೇರಬೇಕಾಗಿದೆ. ಮಗು ಅಜ್ಜಿಯ ಮನೆಗೋ ಸೋದರಮಾವನ ಮನೆಗೋ ಹೋಗುತ್ತದೆ. ನಮ್ಮ ಕುಟುಂಬಗಳಲ್ಲಿ ಇದನ್ನು ಯಾರೂ ಒಂದು ಸಮಸ್ಯೆಯೆಂದು ಎಣಿಸುವುದಿಲ್ಲ. ಶಾಲೆಯವರೋ ಆಸ್ಪತ್ರೆಯವರೋ ‘ನೀವು ಮಗುವಿಗೆ ಏನಾಗಬೇಕು, ಸಹಿ ಹಾಕುವ ಅಧಿಕಾರ ನಿಮಗಿದೆಯೇ’ ಎಂದು ಕೇಳಿದಾಗಲೇ ತೊಡಕು ಶುರು. ಆಗ ಛಾಪಾ ಕಾಗದ ತಂದು ನೋಟರಿಯ ಮುಂದೆ ಒಂದು ಅಫಿಡವಿಟ್ ಮಾಡಿಸುವುದು ರೂಢಿ. ಆ ಕಾಗದಕ್ಕೆ ಕಾನೂನಿನಲ್ಲಿ ಎಷ್ಟು ಬೆಲೆ ಎಂಬುದು ಈ ಟಿಪ್ಪಣಿಯ ಪ್ರಶ್ನೆ. ಬೆಲೆಯೇ ಇಲ್ಲ ಎನ್ನುವವರೂ ಇದ್ದಾರೆ, ಅದೊಂದಿದ್ದರೆ ಸಾಕು ಎನ್ನುವವರೂ ಇದ್ದಾರೆ. ಎರಡೂ ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಈ ಪ್ರಶ್ನೆಗೆ ನಮ್ಮಲ್ಲಿ ಸಿಗುವ ಹಳೆಯ ಗಟ್ಟಿ ಉತ್ತರ ಮದರಾಸಿನ ಅಡ್ಯಾರಿನ ಒಂದು ಪ್ರಕರಣದಲ್ಲಿದೆ. ಮದನಪಲ್ಲಿಯ ಕಡೆಯವರಾದ ಜಿಡ್ಡು ನಾರಾಯಣಯ್ಯ ಸರ್ಕಾರಿ ಕೆಲಸದಿಂದ ನಿವೃತ್ತರಾಗಿ 1909ರಲ್ಲಿ ಮಕ್ಕಳೊಂದಿಗೆ ಥಿಯಸಾಫಿಕಲ್ ಸೊಸೈಟಿಯ ಆವರಣಕ್ಕೆ ಬಂದರು. ಮಕ್ಕಳ ತಾಯಿ ಆಗಲೇ ತೀರಿಕೊಂಡಿದ್ದರು. 1910ರ ಮಾರ್ಚ್‌ನಲ್ಲಿ ಅವರು ಒಂದು ಪತ್ರ ಬರೆದು, ಇಬ್ಬರು ಗಂಡುಮಕ್ಕಳ ಪಾಲಕತ್ವವನ್ನು ಸೊಸೈಟಿಯ ಅಧ್ಯಕ್ಷೆ ಆನಿ ಬೆಸೆಂಟರಿಗೆ ಒಪ್ಪಿಸಿದರು. ಆ ಇಬ್ಬರಲ್ಲಿ ದೊಡ್ಡವರು ಮುಂದೆ ಜಗತ್ತು ಜೆ. ಕೃಷ್ಣಮೂರ್ತಿ ಎಂದು ಅರಿತವರು, ಚಿಕ್ಕವರು ನಿತ್ಯಾನಂದ. ಬೆಸೆಂಟ್ 1912ರಲ್ಲಿ ಹುಡುಗರನ್ನು ಓದಿಗಾಗಿ ಇಂಗ್ಲೆಂಡಿಗೆ ಕರೆದೊಯ್ದರು. ಸೊಸೈಟಿಯ ಇನ್ನೊಬ್ಬ ಮುಖಂಡ ಲೆಡ್‌ಬೀಟರ್ ಜೊತೆ ಮಕ್ಕಳು ಬೆರೆಯುವುದನ್ನು ತಂದೆ ಮೊದಲಿನಿಂದಲೂ ಒಪ್ಪಿರಲಿಲ್ಲ. ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಂಡು, ಮಕ್ಕಳನ್ನು ಮರಳಿಸಬೇಕೆಂದು ಅದೇ ವರ್ಷ ದಾವೆ ಹೂಡಿದರು. 1913ರಲ್ಲಿ ಮದರಾಸು ಹೈಕೋರ್ಟ್ ತಂದೆಯ ಪರ ತೀರ್ಪು ಕೊಟ್ಟಿತು, ಮೇಲ್ಮನವಿಯಲ್ಲೂ ಅದೇ ನಿಂತಿತು. 1914ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಅದನ್ನು ತಳ್ಳಿಹಾಕಿತು.

ತಳ್ಳಿಹಾಕಿದ್ದು ಏಕೆ ಎಂಬುದನ್ನು ಎಚ್ಚರದಿಂದ ಓದಬೇಕು. ಹಿಂದೂ ತಂದೆ ತನ್ನ ಮಕ್ಕಳ ಪಾಲನೆ ಮತ್ತು ಶಿಕ್ಷಣವನ್ನು ಬೇರೊಬ್ಬರಿಗೆ ವಹಿಸಬಹುದು, ಆದರೆ ಹಾಗೆ ವಹಿಸಿದ ಅಧಿಕಾರ ಸ್ವಭಾವತಃ ಹಿಂತೆಗೆದುಕೊಳ್ಳಬಹುದಾದದ್ದು ಎಂದು ಪ್ರಿವಿ ಕೌನ್ಸಿಲ್ ಹೇಳಿತು. ಅಂದರೆ ಮೂಲತತ್ತ್ವದಲ್ಲಿ ನಾರಾಯಣಯ್ಯನವರೇ ಗೆದ್ದರು. ಅದರ ಜೊತೆಗೇ ಒಂದು ಅಂಕುಶವಿತ್ತು: ಹೊಸ ಮನೆಯಲ್ಲಿ ಮಗುವಿಗೆ ಕದಡಬಾರದಂಥ ನಂಟು, ನಿರೀಕ್ಷೆಗಳು ಬೆಳೆದಿದ್ದರೆ ನ್ಯಾಯಾಲಯ ಮಧ್ಯೆ ಪ್ರವೇಶಿಸಬಹುದು. ತಂದೆ ಸೋತದ್ದು ಬೇರೆ ಕಾರಣಗಳಿಗೆ. ಹುಡುಗರ ವಾಸ, ದಾವೆ ಮೊದಲು ದಾಖಲಾದ ಚಿಂಗಲ್‌ಪೇಟೆ ಜಿಲ್ಲಾ ನ್ಯಾಯಾಲಯದ ವ್ಯಾಪ್ತಿಯಲ್ಲಿ ಇರಲಿಲ್ಲ, ಮತ್ತು ಅವರ ಇಷ್ಟವೇನೆಂದು ಯಾರೂ ಕೇಳಿರಲಿಲ್ಲ. ಇಡೀ ಪ್ರಕರಣದಲ್ಲಿ ನನ್ನನ್ನು ಬಹುಕಾಲ ಹಿಡಿದು ನಿಲ್ಲಿಸಿದ ಅಂಶ ಇದು. ಹದಿಹರೆಯದ ಇಬ್ಬರು ಹುಡುಗರ ಬಗ್ಗೆ ಎರಡು ನ್ಯಾಯಪೀಠಗಳು ವಿಚಾರಣೆ ನಡೆಸಿದವು, ಅವರ ಮಾತು ಮಾತ್ರ ಕಡತದೊಳಗೆ ಬರಲಿಲ್ಲ.

ಹೀಗಾಗಿ ಪೋಷಕರ ಪತ್ರಕ್ಕೆ ಬೆಲೆಯಿದೆ, ಆದರೆ ಅದು ಪಾಲಕತ್ವದ ಹಸ್ತಾಂತರವಲ್ಲ. ನೋಟರಿಯ ಮೊಹರಿನಿಂದ ಅಜ್ಜಿ ಕಾನೂನುಬದ್ಧ ಪಾಲಕಿಯಾಗುವುದಿಲ್ಲ. ಮಗುವನ್ನು ನ್ಯಾಯವಾಗಿ ಒಪ್ಪಿಸಿಕೊಂಡವರಾಗುತ್ತಾರೆ. ಸಣ್ಣದೆಂದು ಕಾಣುವ ಈ ಸ್ಥಾನವನ್ನು ಅಪರಾಧ ಕಾನೂನು ಬಹಳ ಹಿಂದೆಯೇ ಗುರುತಿಸಿದೆ. ಮಗುವನ್ನು ಪಾಲಕರಿಂದ ಅಪಹರಿಸುವ ಅಪರಾಧವನ್ನು ವಿವರಿಸುವ ಭಾರತೀಯ ನ್ಯಾಯ ಸಂಹಿತೆಯ 137ನೇ ಕಲಂ, ಮಗುವಿನ ಪಾಲನೆಯನ್ನು ನ್ಯಾಯವಾಗಿ ವಹಿಸಿಕೊಂಡ ಯಾರನ್ನಾದರೂ ‘ಕಾನೂನುಬದ್ಧ ಪಾಲಕ’ರೆಂದೇ ಎಣಿಸುತ್ತದೆ. 1860ರ ದಂಡಸಂಹಿತೆಯ 361ನೇ ಕಲಮಿನಲ್ಲೂ ಈ ವಿವರಣೆಯಿತ್ತು. ಚಿಕಿತ್ಸೆಗೆ ಸಂಬಂಧಿಸಿದ ಮಾತು ನ್ಯಾಯ ಸಂಹಿತೆಯ 27ನೇ ಕಲಮಿನಲ್ಲಿದೆ. ಹನ್ನೆರಡು ವರ್ಷದೊಳಗಿನ ಮಗುವಿನ ಒಳಿತಿಗಾಗಿ, ಪಾಲಕರ ಅಥವಾ ಮಗುವಿನ ಹೊಣೆಯನ್ನು ನ್ಯಾಯವಾಗಿ ಹೊತ್ತವರ ಒಪ್ಪಿಗೆ ಪಡೆದು, ಪ್ರಾಮಾಣಿಕವಾಗಿ ಮಾಡಿದ ಕೆಲಸಕ್ಕೆ ಅದು ರಕ್ಷಣೆ ಕೊಡುತ್ತದೆ. ಒಪ್ಪಿಗೆ ಕೊಡಬಲ್ಲವರು ಸಮಯಕ್ಕೆ ಸಿಗದಿದ್ದರೂ ಜೀವ ಉಳಿಸಲು ಮುಂದಾದ ವೈದ್ಯರಿಗೆ 30ನೇ ಕಲಂ ಆಸರೆ. ಮೊಮ್ಮಗನ ಕೈ ಮುರಿದಾಗ ಅಜ್ಜಿ ಹಾಕುವ ಸಹಿ ಬರಿಯ ಶಿಷ್ಟಾಚಾರವಲ್ಲ ಎನ್ನಲು ಇಷ್ಟು ಆಧಾರ ಸಾಕು. ಹನ್ನೆರಡು ದಾಟಿ ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಿ 27ನೇ ಕಲಂ ಮೌನವಾಗಿದೆ. ಪತ್ರದಲ್ಲಿ ಚಿಕಿತ್ಸೆಯ ಒಪ್ಪಿಗೆಯನ್ನು ಬಿಡಿಸಿ ಬರೆಯುವ ಅಗತ್ಯ ಆ ವಯಸ್ಸಿನವರಿಗೇ ಹೆಚ್ಚು.

ಪತ್ರ ಸಾಲದ ಕಡೆ ನ್ಯಾಯಾಲಯಕ್ಕೆ ಹೋಗಬೇಕು. 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯೇ ಇಂದಿಗೂ ಅದರ ದಾರಿ. ಕೌಟುಂಬಿಕ ನ್ಯಾಯಾಲಯ ಇರುವಲ್ಲಿ ಮಗುವಿನ ಪಾಲಕತ್ವದ ಅರ್ಜಿ ಅಲ್ಲಿಗೆ. ಮಗು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತದೋ ಅಲ್ಲಿನ ನ್ಯಾಯಾಲಯವೇ ಆಗಬೇಕು. ಈ ಕಾಯ್ದೆಯಲ್ಲಿ ಒಂದು ನೋವಿನ ಗಂಟಿದೆ. ತಂದೆ ಅಥವಾ ತಾಯಿ ಬದುಕಿದ್ದು, ನ್ಯಾಯಾಲಯದ ದೃಷ್ಟಿಯಲ್ಲಿ ಅಯೋಗ್ಯರಲ್ಲದಿದ್ದರೆ ಬೇರೊಬ್ಬರನ್ನು ಮಗುವಿನ ಪಾಲಕರನ್ನಾಗಿ ನೇಮಿಸಬಾರದು ಎನ್ನುತ್ತದೆ 19ನೇ ಕಲಂ. 2010ರ ತಿದ್ದುಪಡಿಯವರೆಗೆ ಅಲ್ಲಿ ತಾಯಿಯ ಹೆಸರೂ ಇರಲಿಲ್ಲ. ಆರು ತಿಂಗಳು ಆಸ್ಪತ್ರೆಯಲ್ಲಿರುವ ತಾಯಿ ಅಯೋಗ್ಯಳಲ್ಲ, ದೂರ ಇದ್ದಾಳೆ ಅಷ್ಟೆ. ಆಕೆಯ ತಂಗಿಗೆ ಪಾಲಕತ್ವ ಬೇಕೆಂದರೆ ಆಕೆಯನ್ನು ಅಯೋಗ್ಯಳೆಂದು ಕರೆಯಬೇಕೇ? ಇಂಥಲ್ಲಿ ನೆರವಿಗೆ ಬರಬಹುದಾದದ್ದು 12ನೇ ಕಲಂ: ಪಾಲಕತ್ವದ ಅರ್ಜಿ ಇತ್ಯರ್ಥವಾಗುವವರೆಗೆ ಮಗುವಿನ ತಾತ್ಕಾಲಿಕ ಪಾಲನೆಗೆ ಮಧ್ಯಂತರ ಆದೇಶ ಮಾಡುವ ಅಧಿಕಾರ. ಆದರೆ ಅದೂ ದೊಡ್ಡ ಅರ್ಜಿಯೊಂದರ ನೆರಳಿನಲ್ಲಿ ಬರುವ ಆದೇಶ. ‘ನಾನು ಮರಳುವವರೆಗೆ’ ಎಂದಷ್ಟೇ ಕೇಳುವವರಿಗೆಂದೇ ಮಾಡಿದ ಪ್ರತ್ಯೇಕ ಬಾಗಿಲು ಈ ಕಾಯ್ದೆಯಲ್ಲಿಲ್ಲ. ಅಮೆರಿಕದಲ್ಲಿರುವ ಕನ್ನಡಿಗ ಕುಟುಂಬಗಳಿಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ. ಅಲ್ಲಿನ ಏಕರೂಪ ಪ್ರೊಬೇಟ್ ಸಂಹಿತೆಯ ಮಾದರಿಯಲ್ಲಿ ಪೋಷಕರು ಗರಿಷ್ಠ ಆರು ತಿಂಗಳವರೆಗೆ, ಮದುವೆ ಮತ್ತು ದತ್ತುವಿನ ಒಪ್ಪಿಗೆಯ ಅಧಿಕಾರ ಬಿಟ್ಟು ಉಳಿದದ್ದನ್ನು, ಒಂದು ಅಧಿಕಾರಪತ್ರದ ಮೂಲಕ ಬೇರೊಬ್ಬರಿಗೆ ವಹಿಸಬಹುದು.

ದೂರವಿರುವವರು ತಂದೆಯೊಬ್ಬರೇ ಆಗಿದ್ದರೆ ಹಾದಿ ಅಷ್ಟು ಕಠಿಣವಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೇ ಕಲಂ, ಸ್ವಾಭಾವಿಕ ಪಾಲಕ ತಂದೆ, ಅವನ ‘ನಂತರ’ ತಾಯಿ ಎನ್ನುತ್ತದೆ. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ಬಾಂಡ್ ಕೊಳ್ಳಲು ಹೋದಾಗ ರಿಸರ್ವ್ ಬ್ಯಾಂಕ್ ತಂದೆಯ ಸಹಿ ಕೇಳಿತು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ‘ನಂತರ’ ಎಂಬುದನ್ನು ‘ತಂದೆಯ ಅನುಪಸ್ಥಿತಿಯಲ್ಲಿ’ ಎಂದು ಓದಿತು. ಅನುಪಸ್ಥಿತಿ ಎಂದರೆ ಸಾವು ಮಾತ್ರವಲ್ಲ. ಮಗುವಿನ ಬಗ್ಗೆ ತಂದೆ ಉದಾಸೀನನಾಗಿದ್ದರೂ, ತಾಯಿ ಮತ್ತು ಮಗು ಇರುವ ಊರಿನಿಂದ ಅವನು ದೂರ ವಾಸಿಸುತ್ತಿದ್ದರೂ, ಪರಸ್ಪರ ಒಪ್ಪಿ ಹೊಣೆಯನ್ನೆಲ್ಲ ತಾಯಿಗೆ ಬಿಟ್ಟಿದ್ದರೂ ಅದು ಅನುಪಸ್ಥಿತಿಯೇ. ಆದ್ದರಿಂದ ಕೊಲ್ಲಿ ದೇಶದಲ್ಲಿರುವ ಗಂಡನ ಸಹಿಗಾಗಿ ತಾಯಿಯನ್ನು ತಿಂಗಳುಗಟ್ಟಲೆ ಕಾಯಿಸುವವರು ಈ ತೀರ್ಪನ್ನು ಓದಿಲ್ಲವೆಂದೇ ಅರ್ಥ. ಒಂದೇ ಪದಕ್ಕೆ ಕೊಟ್ಟ ಈ ವಿಶಾಲ ಅರ್ಥವನ್ನು ತಂದೆ ತಾಯಿ ಇಬ್ಬರೂ ದೂರವಿರುವ ಸಂದರ್ಭಕ್ಕೂ ಶಾಸನವೇ ವಿಸ್ತರಿಸಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಒಪ್ಪಿಸಲು ಬಂಧುಗಳೇ ಇಲ್ಲದವರಿಗೆ ಉಳಿಯುವುದು ಮಕ್ಕಳ ಕಲ್ಯಾಣ ಸಮಿತಿ. 2015ರ ಬಾಲನ್ಯಾಯ ಕಾಯ್ದೆಯ 37ನೇ ಕಲಮಿನಡಿ ಸಮಿತಿಯು ಮಗುವನ್ನು ಯೋಗ್ಯ ವ್ಯಕ್ತಿಯೊಬ್ಬರ ಬಳಿ ತಾತ್ಕಾಲಿಕವಾಗಿ ಇರಿಸಬಹುದು, ಪೋಷಕ ಕುಟುಂಬಕ್ಕೆ ಕಳುಹಿಸಬಹುದು. 45ನೇ ಕಲಮಿನ ಪ್ರಾಯೋಜಕತ್ವಕ್ಕೆ ತಂದೆತಾಯಿ ಮಾರಣಾಂತಿಕ ಕಾಯಿಲೆಗೆ ತುತ್ತಾದ ಮಕ್ಕಳೂ ಅರ್ಹರು. ಮಿಷನ್ ವಾತ್ಸಲ್ಯದಡಿ ಅದು ತಿಂಗಳಿಗೆ 4,000 ರೂಪಾಯಿ. ನೆರವಿಗಾಗಿ 1098 ಸಂಖ್ಯೆಗೆ ಕರೆ ಮಾಡಬಹುದು. ಜೈಲಿನಲ್ಲಿರುವ ತಾಯಂದಿರ ವಿಷಯದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ, ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ, ಮಗುವನ್ನು ಆರು ವರ್ಷದವರೆಗೆ ಜೊತೆಯಲ್ಲಿ ಇಟ್ಟುಕೊಳ್ಳಬಹುದೆಂದೂ ಆಮೇಲೆ ತಾಯಿಯ ಇಚ್ಛೆಯಂತೆ ತಕ್ಕವರಿಗೆ ಒಪ್ಪಿಸಬೇಕೆಂದೂ ಹೇಳಿತು. ಬಂದಿಯಾದ ತಾಯಿಯ ಇಚ್ಛೆಗೂ ಅಲ್ಲಿ ಸ್ಥಾನ ಸಿಕ್ಕಿದೆ.

ಇನ್ನು ಪತ್ರದ ಭಾಷೆ. ‘ಮಗುವನ್ನು ಇವರಿಗೆ ಕೊಟ್ಟಿದ್ದೇನೆ, ಇನ್ನು ನನಗೆ ಹಕ್ಕಿಲ್ಲ’ ಎಂಬ ಧಾಟಿಯ ಒಕ್ಕಣೆ ಅಪಾಯಕಾರಿ. ಅದು ದತ್ತುವಿನಂತೆಯೋ ತ್ಯಜಿಸಿದಂತೆಯೋ ಕಾಣುತ್ತದೆ, ಮತ್ತು ಎರಡಕ್ಕೂ ಕಾನೂನಿನಲ್ಲಿ ಬೇರೆಯೇ ಕಟ್ಟುನಿಟ್ಟಿನ ವಿಧಿಗಳಿವೆ. ‘ಒಪ್ಪಿಸಿದ್ದೇನೆ’ ಎಂಬ ಕ್ರಿಯಾಪದವೇ ಸರಿ. ಏಕೆ, ಯಾವ ದಿನದಿಂದ ಯಾವ ದಿನದವರೆಗೆ, ಶಾಲೆಗೂ ಚಿಕಿತ್ಸೆಗೂ ಯಾವ ಅಧಿಕಾರ, ಯಾವಾಗ ಬೇಕಾದರೂ ಹಿಂಪಡೆಯುವ ಹಕ್ಕು, ಇಬ್ಬರು ಪೋಷಕರೂ ಸಿಗುವಂತಿದ್ದರೆ ಇಬ್ಬರ ಸಹಿ: ಇವಿಷ್ಟು ಪತ್ರದಲ್ಲಿರಬೇಕು. ಮಗುವಿನ ಹೆಸರಿನ ಆಸ್ತಿಯನ್ನು ಮಾತ್ರ ಇದರಲ್ಲಿ ತರಬಾರದು. 1956ರ ಕಾಯ್ದೆಯ 11ನೇ ಕಲಂ ಬರಿಯ ವಸ್ತುಶಃ (ಡಿ ಫ್ಯಾಕ್ಟೊ) ಪಾಲಕರು ಅದನ್ನು ಮುಟ್ಟದಂತೆ ತಡೆದಿದೆ. ತಿಳಿವಳಿಕೆ ಬಂದ ವಯಸ್ಸಿನ ಮಗುವಾದರೆ ಅದು ಎಲ್ಲಿರಲು ಬಯಸುತ್ತದೆ ಎಂಬುದನ್ನು ಕೇಳಿ, ಹೇಳಿದ್ದನ್ನು ಅದರ ಮಾತಿನಲ್ಲೇ ಪತ್ರದ ಕೊನೆಗೆ ಬರೆಯಬೇಕು. 1910ರ ಪತ್ರದಲ್ಲಿ ಅಂಥ ಸಾಲು ಇದ್ದಿದ್ದರೆ ನಾಲ್ಕು ವರ್ಷಗಳ ಬಳಿಕ ಲಂಡನ್ನಿನಲ್ಲಿ ನ್ಯಾಯಾಧೀಶರು ಅದನ್ನೇ ಮೊದಲು ಓದುತ್ತಿದ್ದರೇನೋ.