ಕೊರಲೆ: ಸಸ್ಯನಾಮದ ಬದಲಾವಣೆ

ಕೊರಲೆ ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲೂ ಆಂಧ್ರದ ಗಡಿಯಲ್ಲೂ ಬೆಳೆಯುವ ಕಿರುಧಾನ್ಯ. ಹುಣಸೆ ಮರದ ನೆರಳಲ್ಲೂ ತೆನೆ ಕಟ್ಟುವುದು ಇದರ ಹೆಚ್ಚುಗಾರಿಕೆ. ಲಿನೇಯಸ್ 1767ರಲ್ಲಿ ಇದನ್ನು ಪ್ಯಾನಿಕಮ್ ರಾಮೋಸಮ್ ಎಂದ. 1919ರಲ್ಲಿ ಸಸ್ಯವಿಜ್ಞಾನಿ ಸ್ಟಾಪ್ಫ್ ಇದನ್ನು ಬ್ರಾಕಿಯಾರಿಯಾ ಕುಲಕ್ಕೆ ಸೇರಿಸಿದ. 1966ರಲ್ಲಿ ಯೂರೋಕ್ಲೋವಾ ರಾಮೋಸ ಎಂಬ ಹೆಸರು ಬಂತು. ಬ್ರಾಕಿಯಾರಿಯಾ, ಯೂರೋಕ್ಲೋವಾ ಕುಲಗಳಲ್ಲಿ ಯಾವುದಕ್ಕೆ ಸೇರಬೇಕೆಂಬ ಜಗಳವೆಲ್ಲ ಕಿರುತೆನೆಯ ಕೆಳಹೊಟ್ಟು ದಂಟಿನತ್ತ ಮುಖ ಮಾಡಿದೆಯೋ ಹೊರಕ್ಕೋ ಎಂಬುದರ ಮೇಲೆ. ಮಸೂರ ಹಿಡಿದೇ ನೋಡಬೇಕಾದಷ್ಟು ಸಣ್ಣ ವ್ಯತ್ಯಾಸ. ಆ ಲಕ್ಷಣ ಎಲ್ಲ ಪ್ರಭೇದಗಳಲ್ಲೂ ಒಂದೇ ತೆರನಾಗಿಲ್ಲ. ಎರಡೂ ಕುಲಗಳ ನಂಟು ಬಿಡಿಸಲಾಗದ್ದೆಂದು ಡಿಎನ್‌ಎ ಅಧ್ಯಯನಗಳೂ ತೋರಿಸಿದವು. ಆದರೂ ಕೃಷಿ ಪ್ರಬಂಧಗಳು ಬ್ರಾಕಿಯಾರಿಯಾವನ್ನು ಸುಲಭಕ್ಕೆ ಬಿಟ್ಟುಕೊಟ್ಟಿಲ್ಲ. ಎರಡೂ ಹೆಸರಿನಲ್ಲಿ ಹುಡುಕುವ ವಿದ್ಯಾರ್ಥಿಗೆ ತಲೆನೋವು ತಪ್ಪಿಲ್ಲ. ಬಿತ್ತುವವರಿಗೆ ಇದರ ಗೊಡವೆಯಿಲ್ಲ. ಅವರ ಚಿಂತೆಯೇನಿದ್ದರೂ ಗಟ್ಟಿ ಹೊಟ್ಟು ಬಿಡಿಸುವ ಗಿರಣಿಯದು.