ದಾಯವೂ ವಿದ್ಯಾಧನವೂ

ಶ್ರೀಮಠದ ಸನ್ನಿಧಿಗೆ ನ್ಯಾಯವನ್ನು ಬೇಡಿ ಬರುವ ಗೃಹಸ್ಥರಲ್ಲಿ ಪಾಲಿನ ಜಗಳವನ್ನು ಹೊತ್ತು ಬರುವವರೇ ಬಹುಮಂದಿ. ಮಕ್ಕಳ ಸುಖಕ್ಕೆಂದು ತಂದೆಯು ಕೂಡಿಸಿಟ್ಟ ಆಸ್ತಿಯೇ ಆ ಮಕ್ಕಳನ್ನು ಪರಸ್ಪರ ವೈರಿಗಳನ್ನಾಗಿ ಮಾಡುವುದೇಕೆ? ಈ ಪ್ರಶ್ನೆಗೆ ನಮ್ಮ ನಾಡಿನ ಚರಿತ್ರೆಯಲ್ಲಿಯೇ ಉತ್ತರವಿರುವುದು.

ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನು (1076–1126) ಆಳುತ್ತಿದ್ದ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಪಿತಾಮಹಾದಿಗಳಿಂದ ಬಂದ ಸ್ವತ್ತಿನಲ್ಲಿ ಮಗನಿಗೆ ಜನ್ಮದಿಂದಲೇ ಸ್ವಾಮ್ಯವುಂಟೆಂಬುದು ಅವನ ಸಿದ್ಧಾಂತವು. ವಂಗದೇಶದ ಜೀಮೂತವಾಹನನಾದರೋ ತಂದೆಯ ಮರಣಾನಂತರವೇ ಅದು ಪ್ರಾಪ್ತವಾಗುವುದೆಂದನು. ದುಂದುಗಾರನಾದ ತಂದೆಯಿಂದ ಮಗನ ಪಾಲನ್ನು ಕಾಯುವುದಕ್ಕೆ ವಿಜ್ಞಾನೇಶ್ವರನ ಮತವು ಕೋಟೆಯಾಯಿತು. ಆದರೆ ದುಡಿಯದೆ ದೊರೆತ ಧನದ ಮದದಿಂದ ಮಗನನ್ನೇ ಕಾಯುವ ಕೋಟೆಯನ್ನು ಯಾವ ಧರ್ಮಶಾಸ್ತ್ರವೂ ಕಟ್ಟಿಕೊಡಲಾರದು. ಅದು ತಾಯಿತಂದೆಗಳ ಕರ್ತವ್ಯವು.

ಅದಕ್ಕೆ ಸಾಧನವು ವಿದ್ಯೆ. ವಿದ್ಯೆಯಿಂದ ಗಳಿಸಿದ ಧನವು ಗಳಿಸಿದವನದೇ ಎಂದು ಮಿತಾಕ್ಷರೆಯು ಒಪ್ಪಿದರೂ, ಆ ವಿದ್ಯೆಯನ್ನು ಮನೆಯ ಸ್ವತ್ತಿಗೆ ಹಾನಿಯಿಲ್ಲದೆ ಪಡೆದಿರಬೇಕೆಂಬ ನಿರ್ಬಂಧವನ್ನಿಟ್ಟಿತು. ಆದುದರಿಂದ ಮನೆಯ ಹಣದಿಂದ ಓದಿದವನ ಸಂಬಳದಲ್ಲಿಯೂ ಅಣ್ಣತಮ್ಮಂದಿರು ಪಾಲು ಕೇಳುವಂತಾಯಿತು. 1921ರಲ್ಲಿ ಪ್ರಿವಿ ಕೌನ್ಸಿಲು ಒಬ್ಬ ಸಿವಿಲ್ ಸರ್ವಿಸ್ ಅಧಿಕಾರಿಯ ಗಳಿಕೆಯನ್ನೂ ಅವಿಭಕ್ತ ಕುಟುಂಬದ ಸ್ವತ್ತೆಂದು ತೀರ್ಪಿತ್ತಿತು. ಮನೆಯ ವೆಚ್ಚದಿಂದ ಕಲಿತಿದ್ದರೂ ವಿದ್ಯೆಯ ಗಳಿಕೆಯು ಗಳಿಸಿದವನಿಗೇ ಸೇರತಕ್ಕದ್ದೆಂದು 1930ರ ಕಾಯಿದೆಯು ಈ ವಿವಾದವನ್ನು ಮುಗಿಸಿತು. ಹೊಲವನ್ನು ಕೊಟ್ಟರೆ ಅದು ತಲೆಮಾರಿಗೊಮ್ಮೆ ತುಂಡಾಗುವುದು. ವಿದ್ಯೆಯನ್ನು ಕೊಟ್ಟರೆ ಅದರಲ್ಲಿ ಪಾಲು ಕೇಳುವವರಿಲ್ಲ.

ಕಾಯಿದೆಗೆ ಮೊದಲೇ ಈ ಮರ್ಮವನ್ನರಿತು ನಡೆದವರು ನವಲಗುಂದ–ಶಿರಸಂಗಿಯ ತ್ಯಾಗವೀರ ಲಿಂಗರಾಜ ದೇಸಾಯಿಯವರು. ದತ್ತಕರಾಗಿ ಆ ಮನೆತನಕ್ಕೆ ಬಂದಿದ್ದ ಅವರಿಗೆ ಸಂತಾನವಿರಲಿಲ್ಲ. 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ಅವರು ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಮುಡಿಪಾಗಿಟ್ಟರು. ಒಬ್ಬ ಉತ್ತರಾಧಿಕಾರಿಯ ಭೋಗಕ್ಕೆ ಹೋಗಬಹುದಾಗಿದ್ದ ಸಂಪತ್ತು ಅಸಂಖ್ಯ ಬಡ ವಿದ್ಯಾರ್ಥಿಗಳ ಅನ್ನಾಕ್ಷರವಾಯಿತು. ಬೆಳಗಾವಿಯಲ್ಲಿ 1933ರಲ್ಲಿ ಆರಂಭವಾದ ಲಿಂಗರಾಜ ಕಾಲೇಜು ಅವರ ಹೆಸರನ್ನು ಇಂದಿಗೂ ಧರಿಸಿರುವುದು. ಔರಸಪುತ್ರರಿಲ್ಲದವರಿಗೆ ಇಷ್ಟು ಮಕ್ಕಳಾದರು!

ಮಕ್ಕಳುಳ್ಳ ಭಕ್ತಮಹಾಶಯರು ಸರ್ವಸ್ವವನ್ನೂ ಹೀಗೆಯೇ ಕೊಟ್ಟುಬಿಡಬೇಕೆಂದು ನಾವು ಹೇಳುವುದಿಲ್ಲ. ಪಿತ್ರಾರ್ಜಿತದಲ್ಲಿ ಮಕ್ಕಳಿಗಿರುವ ಹಕ್ಕನ್ನು ಯಾರೂ ಕಸಿಯಲಾಗದು. ಆ ಹಕ್ಕು ನಮ್ಮ ರಾಜ್ಯದಲ್ಲಿ 1994ರಲ್ಲಿಯೂ ದೇಶಕ್ಕೆಲ್ಲ ಅನ್ವಯಿಸುವಂತೆ 2005ರಲ್ಲಿಯೂ ಹೆಣ್ಣುಮಕ್ಕಳಿಗೆ ವಿಸ್ತರಿಸಿತು. ಆದರೆ ಪಾಲು ಕೈಸೇರುವುದಕ್ಕೆ ಮೊದಲು ಮಗನಿಗೂ ಮಗಳಿಗೂ ವಿದ್ಯೆಯು ದೊರೆತಿರಲಿ, ಕೈಗೆ ಕಾಯಕದ ರೂಢಿಯಾಗಿರಲಿ. ಸ್ವಾರ್ಜಿತದಲ್ಲಿ ಒಂದಂಶವನ್ನು ತಾಯಿತಂದೆಗಳು ದಾಸೋಹಕ್ಕೆ ತೆಗೆದಿಡುವುದನ್ನು ಮಕ್ಕಳು ಕಣ್ಣಾರೆ ಕಾಣಲಿ. ಉಳಿದುದು ಯಾರಿಗೆಷ್ಟೆಂಬುದನ್ನು ಹಿರಿಯರು ಬದುಕಿರುವಾಗಲೇ ಎಲ್ಲರೆದುರಿಗೆ ತಿಳಿಸಲಿ. ಹಾಗೆ ಬಂದ ಧನವು ಮಕ್ಕಳಿಗೆ ಆಸರೆಯಾಗುವುದಲ್ಲದೆ ಉರುಳಾಗಲಾರದು. ಇತ್ಯಲಮ್.